ಚಿಕ್ಕಪ್ಪನ ವಿಮಾನ ಹಾದುಹೋಗುವ ಹೊತ್ತು

ಈಗಲೂ ಎಲ್ಲಾದರೂ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಚಿಕ್ಕಪ್ಪನ ಖಾಕಿ ಅಂಗಿ. ಶನಿವಾರ ಸಂಜೆ ಬೆಂಗಳೂರಿನಿಂದ ಬಂದು ಅವನು ಆ ಅಂಗಿಯನ್ನು ನಡುಮನೆಯ ಗೂಟಕ್ಕೆ ತಗುಲಿಹಾಕಿದರೆ ಸೋಮವಾರದ ತನಕ ಮನೆಯೆಲ್ಲ ಅದೇ ವಾಸನೆ. ವಿಮಾನ ಕುಡಿಯುವುದೂ ಅಂಥದ್ದೇ ಎಣ್ಣೆ ಎಂದು ಅವನೇ ಹೇಳಿದ್ದು. ಹೊಸೂರು ಕಡೆಯ ಡೆಂಕಣಿಕೋಟೆಯಿಂದ ಎರಡು ಮೈಲಿ ಆಚೆಗಿದ್ದ ಆ ಮನೆ ಈಗಿಲ್ಲ, ರಾಗಿ ಹೊಲವೂ ಇಲ್ಲ, ಅಲ್ಲಿದ್ದವರೂ ಒಬ್ಬೊಬ್ಬರಾಗಿ ಹೋದರು. ನಿಮಗೂ ಅಂಥದ್ದೊಂದು ಮನೆಯಿದ್ದು ಇಲ್ಲವಾಗಿದ್ದರೆ, ಅದನ್ನು ನೆನೆಯುವುದೇ ಎಂಥ ಆಯಾಸದ ಕೆಲಸವೆಂದು ಗೊತ್ತಿರುತ್ತದೆ.

ಚಿಕ್ಕಪ್ಪನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಏನು ಕೆಲಸ ಎಂದು ಅಜ್ಜಿ ಕೇಳಿದಾಗ, "ಇಮಾನ್ದಾಗೇ ಕಣವ್ವ, ದಿನಾ ಹೋಗ್ಬತ್ತೀನಿ" ಎಂದುಬಿಟ್ಟಿದ್ದ. ಎರಡು ರೆಕ್ಕೆಗೂ ಒಂದೊಂದು ಪಂಖವಿದ್ದ ಹಳೆಯ ಟರ್ಬೋಪ್ರಾಪ್ ವಿಮಾನ ಅದು. ಅದರ ಜಾತಕವೇ ಅವನ ಬಾಯಲ್ಲಿತ್ತು. ಹೊಸದಾಗಿ ಬಂದಾಗ ಮಂತ್ರಿಗಳು, ಮಿಲ್ಲಿನ ಧಣಿಗಳು ಅದರಲ್ಲಿ ಕೂತು ಹೋಗುತ್ತಿದ್ದರಂತೆ. ಗಗನಸಖಿ ತಟ್ಟೆಯಲ್ಲಿ ಪೆಪ್ಪರಮೆಂಟು ಹಿಡಿದು ಬರುತ್ತಿದ್ದಳಂತೆ. ದೊಡ್ಡ ಊರುಗಳಿಗೆ ಜೆಟ್ ಬಂದ ಮೇಲೆ ಇದನ್ನು ಕೊಯಮತ್ತೂರಿನ ದಾರಿಗೆ ಹಾಕಿದರು. ಆಮೇಲೆ ಹಿಂದಿನ ಸೀಟುಗಳನ್ನು ಕಿತ್ತು ಟಪಾಲು ಚೀಲ, ಕೋಳಿಮರಿಯ ಪೆಟ್ಟಿಗೆ ತುಂಬಿದರು. "ವಯಸ್ಸಾಗೋಯ್ತು ಕಣವ್ವ, ಆದ್ರೂ ಬುಡಾಕಿಲ್ಲ, ದುಡಿಸ್ತಾವ್ರೆ" ಎಂದು ಚಿಕ್ಕಪ್ಪ ಮನೆಯ ಎತ್ತಿನ ಬಗ್ಗೆ ಮರುಗುವಂತೆ ಮರುಗುತ್ತಿದ್ದ.

ಬೆಳಿಗ್ಗೆ ಹತ್ತರ ಮೇಲೆ ಅದು ನಮ್ಮ ಹೊಲದ ಮೇಲೆ ಹಾದುಹೋಗುತ್ತಿತ್ತು. ಅಮ್ಮ, ಚಿಕ್ಕಮ್ಮ ರಾಗಿಯಲ್ಲಿ ಕಳೆ ಕೀಳುತ್ತಿದ್ದರೆ ಅಜ್ಜಿ ಬದುವಿನ ಮೇಲೆ ಕಾವಲು ಕೂರುತ್ತಿದ್ದಳು. ಯಾರಾದರೂ ನಡು ಎತ್ತಿದರೆ, "ನಿಂತ್ಕಂಡ್ರೆ ಕಳೆ ತಾನಾಗೇ ಕಿತ್ಕಂಡು ಬತ್ತದಾ?" ಎಂದು ಕೂಗುತ್ತಿದ್ದಳು. ಆದರೆ ಗುಂಯ್ ಎಂಬ ಸದ್ದು ಕೇಳಿದೊಡನೆ ಚಿಕ್ಕಮ್ಮ ಎದ್ದು ನೆಟ್ಟಗೆ ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಗಂಡ ಎದುರಿಗೆ ಬಂದರೆ ಹೆಂಡತಿ ಎದ್ದು ನಿಲ್ಲಬೇಕೆಂಬುದು ನಮ್ಮ ಮನೆಯ ಪದ್ಧತಿ. ತಲೆಯ ಮೇಲೆ ಹೋದರೂ ಅದೇ ತಾನೆ. ಸದ್ದು ಬೆಟ್ಟದಾಚೆ ಕರಗುವ ತನಕ ಅವಳು ಬಗ್ಗುತ್ತಿರಲಿಲ್ಲ. ಅಜ್ಜಿಯ ಮುಖ ಅರಳುತ್ತಿತ್ತು, ಬೈಗುಳ ಬಾಯಿಗೆ ಬರುತ್ತಿರಲಿಲ್ಲ. ನೇಗಿಲು ಹೊಡೆಯುವವನ ಹೆಂಡತಿಯಾದ ನನ್ನಮ್ಮ ಬಗ್ಗಿಕೊಂಡೇ ಓರೆಗಣ್ಣಲ್ಲಿ ನೋಡುತ್ತಿದ್ದಳು.

ನನಗೆ ಒಂಬತ್ತು ವರ್ಷವಿದ್ದಾಗ ಕಣ್ಣು ತೋರಿಸಲು ಅಪ್ಪ ಬೆಂಗಳೂರಿಗೆ ಕರೆದೊಯ್ದ. ಹಾಗೇ ವಿಮಾನ ನಿಲ್ದಾಣವನ್ನೂ ತೋರಿಸಿದ. ಅವನು ಟೀ ಕುಡಿಯಲು ಅತ್ತ ಹೋದಾಗ ನಾನು ತಂತಿಬೇಲಿಗೆ ಮುಖವೊತ್ತಿ ನಿಂತೆ. ಕಿವಿಗೆ ಹತ್ತಿ ತುರುಕಿಕೊಂಡು ಚಿಕ್ಕಪ್ಪ ವಿಮಾನದ ಹೊಟ್ಟೆಗೆ ಪೆಟ್ಟಿಗೆ ಎತ್ತಿ ಹಾಕುತ್ತಿದ್ದ. ಬಾಗಿಲು ಮುಚ್ಚಿತು, ಪಂಖ ತಿರುಗಿತು, ವಿಮಾನ ಹಾರಿಹೋಯಿತು. ಚಿಕ್ಕಪ್ಪ ನೆಲದ ಮೇಲೆ ಬೆವರೊರೆಸಿಕೊಳ್ಳುತ್ತ ಉಳಿದ. ನನ್ನನ್ನು ಕಂಡು ಬೇಲಿಯ ಹತ್ತಿರ ಬಂದು ಮೆಲ್ಲಗೆ, "ಮನೇಲಿ ಹೇಳ್ಬೇಡ ಕಣಮ್ಮಿ, ನಿಮ್ಮ ಚಿಕ್ಕಮ್ಮ ನೊಂದ್ಕತಾಳೆ" ಎಂದ. ನಾನು ಹೇಳಲಿಲ್ಲ. ಆದರೆ ಅಂದಿನಿಂದ ಚಿಕ್ಕಮ್ಮ ಆಕಾಶಕ್ಕೆ ಎದ್ದು ನಿಂತಾಗಲೆಲ್ಲ ನಾನು ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅವಳಿಗೆ ನಿಜ ತಿಳಿದ ದಿನ ಏನಾಗುವುದೋ ಎಂಬ ಭಯದಲ್ಲೇ ನಾನು ಬೆಳೆದೆ.

ಕೆಲವು ವರ್ಷಗಳಾದ ಮೇಲೆ ಆ ವಿಮಾನವನ್ನು ನಿಲ್ಲಿಸಿಬಿಟ್ಟರು. ಇಂಜಿನ್ ಬಿಚ್ಚಿ ಮೂಲೆಗೆ ತಳ್ಳಿದರು. ಕಡೆಗೆ ಗುಜರಿಯವರು ಬಂದು ತುಂಡು ತುಂಡಾಗಿ ಕೊಯ್ದರು. ಆ ಶನಿವಾರ ಚಿಕ್ಕಪ್ಪ ಅಂಗಿಯನ್ನೂ ಬಿಚ್ಚದೆ ನಡುಮನೆಯಲ್ಲಿ ಕುಸಿದು ಕೂತ. "ಒಂದಿನಾನೂ ಅದ್ರಾಗೆ ಕೂತಿಲ್ಲ ಕಣವ್ವ. ಮೂಟೆ ತುಂಬ್ತಿದ್ದೆ, ಅಷ್ಟೇಯ" ಎಂದ. ಚಿಕ್ಕಮ್ಮ ಅವನ ಮುಂದೆ ನೀರಿನ ಚೊಂಬು ಇಟ್ಟು ಒಳಗೆ ಹೋದಳು.

ಸೋಮವಾರ ಹೊಲದಲ್ಲಿ ಅವಳ ಪಕ್ಕದ ಸಾಲಿಗೆ ಕೂತು, "ನಂಗೆ ಮೊದ್ಲೇ ಗೊತ್ತಿತ್ತು ಚಿಕ್ಕಮ್ಮ, ನಿಂಗೆ ಹೇಳ್ಲಿಲ್ಲ" ಎಂದೆ.

"ನಂಗೂ ಗೊತ್ತಿತ್ತು. ಹೊಸೂರು ಬಸ್ಸಾಗೇ ವಾಂತಿ ಮಾಡ್ಕಳೋರು ಮೋಡ್ದಾಗೆ ಹೋಗ್ತಾರಾ?"

"ಮತ್ತೆ ದಿನಾ ಯಾಕೆ ಎದ್ದು ನಿಂತ್ಕಂತಿದ್ದೆ?"

"ಸೊಂಟ ನೋಯ್ತಿತ್ತು ಕಣಮ್ಮಿ."

ಹತ್ತು ಗಂಟೆ ಕಳೆದಿರಬೇಕು. ಬಹಳ ಎತ್ತರದಲ್ಲಿ ಜೆಟ್ಟೊಂದು ಹೋಯಿತು. ಚಿಕ್ಕಮ್ಮನ ಕೈ ತಾನಾಗಿ ಸೆರಗಿನತ್ತ ಹೋಯಿತು. ಬದುವಿನ ಮೇಲಿದ್ದ ಅಜ್ಜಿಯನ್ನು ಒಮ್ಮೆ ನೋಡಿ, ಕೈ ಇಳಿಸಿ, ಮತ್ತೆ ಕಳೆಗೆ ಬಗ್ಗಿದಳು.