ಮೂಕಿ ರೀಲುಗಳ ಮನೆ

ಕಳೆದ ವಾರ ಮಾದಾಪುರದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ನೂಡಲ್ಸಿಗೆ ವಿನಿಗರ್ ಸುರಿದುಕೊಂಡರು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕುಷಾಯಿಗೂಡದ ಒಂದು ಮನೆ ನೆನಪಾಯಿತು. ನಿಮಗೆ ನಗು ಬರಬಹುದು. ಆದರೆ ಹಳೆಯ ಫಿಲಂ ಕೆಡತೊಡಗಿದರೆ ಅದಕ್ಕೆ ಇದೇ ವಾಸನೆ. ಮದುವೆಯಾದ ಹೊಸತರಲ್ಲಿ ನಾನೂ ನನ್ನ ಗಂಡನೂ ಆ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ವಾಸನೆ ಬಂದಾಗಲೆಲ್ಲ ಕೆಳಗಿನವರು ಉಪ್ಪಿನಕಾಯಿ ಹಾಕುತ್ತಿದ್ದಾರೆಂದುಕೊಂಡು, ಒಂದು ಬಟ್ಟಲಾದರೂ ಮೇಲೆ ಬಂದೀತೆಂದು ನಾನು ಕಾದದ್ದುಂಟು.

ಕೆಳಗಿದ್ದವರು ರಾಯಚೂರು ಕಡೆಯ ದಂಪತಿ. ಗಂಡ ಅಲ್ಲೇ ಹತ್ತಿರದ ಕಾರ್ಖಾನೆಯಿಂದ ನಿವೃತ್ತರಾದವರು. ಆ ತೆಲುಗು ಊರಿನ ಓಣಿಯಲ್ಲಿದ್ದ ಕನ್ನಡದವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ಹೆಂಡತಿಯನ್ನು ಕಾಕು. ನಾವೂ ಹಾಗೇ ಕರೆದೆವು. ಕಾಕಾರಿಗೆ ಒಂದು ಹುಚ್ಚಿತ್ತು. ಹಿಂದೆ ಉಳ್ಳವರು ತಮ್ಮ ಮನೆಯ ಮದುವೆ, ತೊಟ್ಟಿಲು, ಪ್ರವಾಸಗಳನ್ನು ಪುಟ್ಟ ಕ್ಯಾಮೆರಾದಲ್ಲಿ ಹಿಡಿದಿಡುತ್ತಿದ್ದರಲ್ಲ, ಕಿರುಬೆರಳ ಉಗುರಿನಷ್ಟು ಅಗಲದ ಆ ಫಿಲಂ ಸುರುಳಿಗಳನ್ನು ಗುಜರಿ ಅಂಗಡಿಗಳಲ್ಲಿ ಹುಡುಕಿ ತರುವುದು. ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಹಳೆಯ ಪ್ರೊಜೆಕ್ಟರ್ ಯಂತ್ರ ಓಡಿಸಿ, ಗುರುತು ಪರಿಚಯವಿಲ್ಲದ ಆ ಮನೆಮಂದಿಯನ್ನು ತಮ್ಮ ಗೋಡೆಯ ಮೇಲೆ ನಡೆದಾಡಿಸುವುದು.

ಆಬಿಡ್ಸಿನ ಭಾನುವಾರದ ಫುಟ್‌ಪಾತಿನಲ್ಲಿ, ಇಂಥ ಫಿಲಂ ಸಂಗ್ರಹಿಸುವವರಿಗಾಗಿಯೇ ಬರೆದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಅವರಿಗೆ ಸಿಕ್ಕಿತ್ತು. ಸಣ್ಣಕ್ಷರ ಓದಿದರೆ ಅವರಿಗೆ ತಲೆನೋವು. ಓದಿ ಕನ್ನಡದಲ್ಲಿ ಹೇಳುವ ಕೆಲಸವನ್ನು ನಾನು ಜಂಬದಿಂದಲೇ ಒಪ್ಪಿಕೊಂಡೆ. ಅರ್ಥವಾಗದ ಕಡೆ ಒಂದಿಷ್ಟು ಸ್ವಂತದ್ದನ್ನೂ ಸೇರಿಸುತ್ತಿದ್ದೆ. ಕಾಕಾ ಕಣ್ಣು ಮುಚ್ಚಿ ಕೇಳುತ್ತ, “ಇದು ಬುಕ್ಕಿನ್ಯಾಗ ಐತೋ, ನಿನ್ನ ತಲ್ಯಾಗ ಐತೋ?” ಎನ್ನುವರು. ಹೆಸರಾಂತವರು ಕಾಣಿಸದ ಫಿಲಮ್ಮಿಗೆ ಬೆಲೆಯಿಲ್ಲ ಎಂದಿತ್ತು ಒಂದು ಅಧ್ಯಾಯ. ಅದನ್ನು ಓದಿ ಹೇಳಿದಾಗ, “ಅದು ಮಾರಾವ್ರ ಮಾತವಾ. ನಾವು ನೋಡಾವ್ರು,” ಎಂದು ಪುಟ ತಿರುಗಿಸಲು ಸನ್ನೆ ಮಾಡಿದರು.

ಅವರ ಹುಚ್ಚಿನ ಕಾರಣ ತಿಳಿಯಲು ನನಗೆ ಕೆಲಕಾಲ ಬೇಕಾಯಿತು. ಮದುವೆಯಾದ ಹೊಸತರಲ್ಲೇ ಜ್ವರ ಬಂದು ಕಾಕುವಿನ ಕಿವಿ ಪೂರ್ತಿ ಹೋಗಿತ್ತು. ಆಮೇಲೆ ಅವರು ಟಾಕೀಸಿಗೆ ಹೋಗುವುದನ್ನೇ ಬಿಟ್ಟರಂತೆ, ಮಾತುಮಾತಿಗೆ “ಏನಂದ್ರು?” ಎಂದು ಗಂಡನನ್ನು ಕೇಳುವುದು ಅವರಿಗೆ ಸಂಕೋಚ. ಕಾಕಾರ ರೀಲುಗಳಲ್ಲಾದರೆ ಯಾರಿಗೂ ಮಾತು ಕೇಳುವುದಿಲ್ಲ. ಸಾಲದ್ದಕ್ಕೆ ಕಾಕು ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದರು. ತವರಿನಲ್ಲಿ ತೆಲುಗೂ ನಡೆಯುತ್ತಿದ್ದುದರಿಂದ ಎರಡು ಭಾಷೆಯ ತುಟಿಗಳು ಅವರಿಗೆ ಗೊತ್ತು. ಆ ಗೋಡೆಯ ಮುಂದೆ ಕಿವುಡರು ನಾವು. “ಬೀಗತಿ ಸಾರು ಸಪ್ಪಗೈತಿ ಅನ್ನಾಕತ್ತಾಳ,” ಎಂದು ಕಾಕು ಹೇಳಿದರೆ ಕಾಕಾ ತೊಡೆ ತಟ್ಟಿಕೊಂಡು ನಗುವರು.

ಒಮ್ಮೆ ಸನತ್‌ನಗರದ ಗುಜರಿಯಿಂದ ಕಾಕಾ ತುಕ್ಕು ಹಿಡಿದ ಡಬ್ಬಿಯೊಂದನ್ನು ತಂದರು. ಮುಚ್ಚಳ ತೆಗೆದರೆ ಕಣ್ಣು ಉರಿಯುವಷ್ಟು ಹುಳಿ ವಾಸನೆ. ಫಿಲಂ ಮುದುಡಿ ಸುರುಟಿಕೊಂಡಿತ್ತು. ಅದನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಅಂಗಳದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಒಬ್ಬ ಹೆಂಗಸು. ಅದು ಬಂದ ಮನೆಯನ್ನು ಗುಜರಿಯವನೇ ಹೇಳಿದ್ದ. ಫ್ಲಾಟು ಕಟ್ಟಲು ಕೆಡವುತ್ತಿದ್ದ ಹಳೆಯ ಮನೆ. ಕಾಕಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು.

ಮನೆಯೊಡತಿ ಸರಳಮ್ಮ, ಅರವತ್ತರ ಆಸುಪಾಸಿನವರು, ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದರು. ಅಟ್ಟದ ಮೇಲಿನ ಡಬ್ಬಿಯಲ್ಲಿ ಏನಿದೆಯೆಂದು ತಿಳಿಯದೆ ಮಾರಿದ್ದರು. ಕೂಸು ಹಿಡಿದ ಹೆಂಗಸಿನ ಮಾತು ಎತ್ತುತ್ತಲೇ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರು ಅಂಬೆಗಾಲಿಡುವ ಮೊದಲೇ ತಾಯಿ ತೀರಿಕೊಂಡಿದ್ದರು. ಮನೆಯಲ್ಲಿ ಆ ತಾಯಿಯ ಫೋಟೊ ಒಂದೂ ಇರಲಿಲ್ಲ. ತಂದೆ ಆಕೆಯ ಸುದ್ದಿ ಎತ್ತುತ್ತಿರಲಿಲ್ಲ. ಸಾಕಿದ ಚಿಕ್ಕಮ್ಮ ಒಳ್ಳೆಯವಳು, ಅವಳೆದುರು ಕೇಳಲು ಇವರಿಗೇ ಮನಸ್ಸಾಗುತ್ತಿರಲಿಲ್ಲ.

ಈ ಸ್ಥಿತಿಯ ರೀಲನ್ನು ಯಂತ್ರಕ್ಕೆ ಹಾಕಲೇಬಾರದು ಎಂದಿತ್ತು ಪುಸ್ತಕ. ಆ ಸಾಲಿಗೆ ನಾನು ಏನನ್ನೂ ಸೇರಿಸಲಿಲ್ಲ. ಓಡಿಸಿದರೆ ಹರಿದುಹೋಗಬಹುದು, ಏನೂ ಕಾಣದೆಯೂ ಇರಬಹುದು ಎಂದು ಕಾಕಾ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಸರಳಮ್ಮ, “ಒಕ್ಕಸಾರಿ ಚೂಸ್ತೇ ಚಾಲು,” ಅಂದರು. ಒಂದು ಸಲ ನೋಡಿದರೆ ಸಾಕು.

ಭಾನುವಾರ ಮಧ್ಯಾಹ್ನ ಬಂದರು. ಗೋಡೆಯ ಮೇಲೆ ಬಂದದ್ದನ್ನು ಹಿಡಿಯಲು ನನ್ನ ಗಂಡ ಮೊಬೈಲು ಹಿಡಿದು ನಿಂತ. ಕಾಕಾ ಫಿಲಮ್ಮಿನ ಅಂಚಿಗೆ ಬೆರಳು ತಾಗಿಸಿಯೇ ನಿಂತಿದ್ದರು. ಗೋಡೆ ನಡುಗಿತು, ಆಮೇಲೆ ಅಂಗಳ ಕಂಡಿತು. ಇಪ್ಪತ್ತು ದಾಟಿರದ ಹುಡುಗಿಯೊಬ್ಬಳು ಕೂಸಿನ ಗದ್ದ ಹಿಡಿದು ಕ್ಯಾಮೆರಾದತ್ತ ತೋರಿಸಿ ಏನೋ ಹೇಳುತ್ತಿದ್ದಳು. ಆ ಹುಡುಗಿಗಿಂತ ಎಷ್ಟೋ ಹಿರಿಯಳಾದ ಮಗಳು ಇಲ್ಲಿ ಸೆರಗು ಹಿಡಿದು ಕೂತಿದ್ದಳು.

“ಏಮಂಟೋಂದಿ ಅಮ್ಮಾ?” ಎಂದರು ಸರಳಮ್ಮ. ಏನು ಹೇಳುತ್ತಿದ್ದಾಳೆ?

ಪ್ರಶ್ನೆ ಕೇಳಿಸದಿದ್ದರೂ ಕಾಕು ಗೋಡೆಯಿಂದ ಕಣ್ಣು ತೆಗೆಯದೆ, ಎಂದಿನಂತೆ ತಾವಾಗಿಯೇ, “ಇಟು ಚೂಡು, ಇಟು ಚೂಡು,” ಅಂದರು. ಈ ಕಡೆ ನೋಡು. ಒಂದು ಕ್ಷಣ ಬಿಟ್ಟು, “ನಾ ಬಂಗಾರು ತಲ್ಲಿ,” ಎಂದು ಸೇರಿಸಿದರು. ನನ್ನ ಚಿನ್ನದಂಥ ತಾಯಿ ಎಂದು. ಅಷ್ಟರಲ್ಲಿ ಫಿಲಂ ಹರಿದು ಗೋಡೆ ಬೆಳ್ಳಗಾಯಿತು. ಸರಳಮ್ಮ ಕಾಕುವಿನ ಭುಜಕ್ಕೆ ಹಣೆ ಆನಿಸಿ ಬಹಳ ಹೊತ್ತು ಕೂತಿದ್ದರು. ಹೋಗುವಾಗ ಹರಿದ ತುಂಡುಗಳನ್ನೂ ಡಬ್ಬಿಯಲ್ಲಿ ಜೋಪಾನವಾಗಿ ತೆಗೆದುಕೊಂಡು ಹೋದರು.

ಮೊಬೈಲಿನ ಆ ಚಿತ್ರ ನನ್ನ ಬಳಿಯೂ ಇದೆ. ಎಷ್ಟೋ ಸಲ ನೋಡಿದ್ದೇನೆ. ‘ಇಟು ಚೂಡು’ ಎನ್ನುವಾಗ ತಾಯಿಯ ಮುಖ ನಮ್ಮ ಕಡೆ ಇದೆ. ಆಮೇಲೆ ಅವಳು ಕೂಸಿನ ಮೇಲೆ ಬಗ್ಗುತ್ತಾಳೆ, ಬರೀ ಬೈತಲೆ ಕಾಣುತ್ತದೆ. ಮತ್ತೆ ಮುಖ ಎತ್ತುವ ಮೊದಲೇ ಫಿಲಂ ಹರಿಯುತ್ತದೆ. ಇದನ್ನು ನಾನು ಕಾಕಾರಿಗೆ ಹೇಳಿರಲಿಲ್ಲ. ಹೆಂಡತಿ ತುಟಿ ಓದಿದ ಆ ಕತೆಯನ್ನು ಅವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

ಕ್ಯಾಂಟೀನಿನಲ್ಲಿ ಎದ್ದ ಆ ನೆನಪು ಬಿಡಲಿಲ್ಲ. ಈ ಭಾನುವಾರ ಕುಷಾಯಿಗೂಡಕ್ಕೆ ಹೋದೆ. ಕಾಕಾ ಹಾಲು ತರಲು ಹೋಗಿದ್ದರು. ನಾನು ಕಾಕುವಿನ ಎದುರು ಕೂತು, ಆ ಎರಡನೇ ಮಾತು ಅವರಿಗೆ ಹೇಗೆ ಕಂಡಿತೆಂದು ನಿಧಾನವಾಗಿ ಕೇಳಿದೆ.

“ಕಂಡಿಲ್ಲ,” ಎಂದರು ಅವರು, ಮೆಂತ್ಯ ಸೊಪ್ಪು ಸೋಸುತ್ತ. “ಮಾರಿ ಬಗ್ಗಿಸಿದ್ಳಲ್ಲ, ಎಲ್ಲಿಂದ ಕಾಣಬೇಕು? ಕೂಸಿನ ಮ್ಯಾಲೆ ಬಗ್ಗಿದ ತಾಯಿ ಬ್ಯಾರೆ ಏನಂತಾಳವಾ?”

ಸಾಕ್ಷಿ ಕೇಳಲು ಬಂದಿದ್ದಕ್ಕೆ ನಾಚಿ ನಾನು ಒಂದು ಹಿಡಿ ಸೊಪ್ಪನ್ನು ನನ್ನ ಕಡೆ ಎಳೆದುಕೊಂಡೆ. ಕಾಕು ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು.

“ಇರ್ಲಿ ಬಿಡು,” ಅಂದರು, “ತಿಳೀತು.”

ಆ ಮಾತಿಗೆ ನಾನು ತುಟಿಯನ್ನೇ ಬಿಚ್ಚಿರಲಿಲ್ಲ.