ಎಡಗಡೆ ಸೀಟಿನ ಕಿವಿ

ಕಾರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರು ಬಹಳ ಮಂದಿ. ಇತಿಹಾಸ ಪಾಠ ಮಾಡುವ ಹೆಂಗಸಿಗೆ ಟರ್ಬೊ ಯಾಕೆ ಎಂದವರಿದ್ದಾರೆ. ಮೈಲೇಜ್ ಎಷ್ಟು ಎಂದು ವಿಚಾರಿಸಿ, ಉತ್ತರ ಕೇಳಿ ಕನಿಕರ ಪಟ್ಟವರೂ ಇದ್ದಾರೆ. ಅವರಲ್ಲಿ ಯಾರೂ ದಿನಾ ಬೆಳಿಗ್ಗೆ ಕಲಬುರಗಿ ಬಿಟ್ಟು ಕಮಲಾಪುರದ ಕಾಲೇಜಿನಲ್ಲಿ ಮೊದಲ ಪಿರಿಯಡ್ ಹಿಡಿಯಬೇಕಾದವರಲ್ಲ. ಕಮಲಾಪುರ ಹತ್ತಿರವಾದಂತೆ ರಸ್ತೆ ಏರುತ್ತದೆ. ಆ ಏರಿನಲ್ಲಿ ತೊಗರಿ ಮೂಟೆ ಹೇರಿಕೊಂಡ ಲಾರಿ ಮುಂದೆ ಸಿಕ್ಕಿತೆಂದರೆ ಅದನ್ನು ದಾಟಲು ಕಾರಿಗೆ ದಮ್ ಬೇಕು. ನನ್ನ ಹಳೆಯ ಟರ್ಬೊ ಪೆಟ್ರೋಲ್ ಕಾರಿಗೆ ದಮ್ ಇತ್ತು, ಪೂರ್ತಿ ಬಿಟ್ಟುಕೊಡುತ್ತಿರಲಿಲ್ಲ ಅಷ್ಟೇ.

ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ಜೋರಿನಲ್ಲಿ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ತುಂಬುವ ಪಂಖ. ಒತ್ತಡ ಮಿತಿ ಮುಟ್ಟಿದ ಕೂಡಲೇ ಒಂದು ಸಣ್ಣ ಬಾಗಿಲು ತೆರೆದು ಹೊಗೆಯನ್ನು ಬೇರೆ ದಾರಿಗೆ ಬಿಡುತ್ತದೆ. ಬೂಸ್ಟ್ ಕಂಟ್ರೋಲರ್ ಮಾಡುವುದು ಇಷ್ಟೇ, ಆ ಬಾಗಿಲನ್ನು ಇನ್ನೊಂದಿಷ್ಟು ಹೊತ್ತು ಮುಚ್ಚಿಡುವುದು. ಆಸೆಪಟ್ಟು ಜಾಸ್ತಿ ಮುಚ್ಚಿಟ್ಟರೆ ಎಂಜಿನ್ನಿನೊಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಸ್ಟೀಲ್ ಡಬ್ಬಿಯಲ್ಲಿ ತೊಗರಿಬೇಳೆ ಅಲ್ಲಾಡಿಸಿದಂಥ ಸದ್ದು ಅದು. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುತ್ತಾರೆ. ಆ ಸದ್ದನ್ನು ಕೇಳಿಯೂ ಕಾಲು ಒತ್ತಿದವರ ಎಂಜಿನ್ನು ಹೆಚ್ಚು ದಿನ ಬಾಳುವುದಿಲ್ಲ.

ನಮ್ಮ ಕಾರಿನಲ್ಲಿ ಆ ಸದ್ದಿಗೆ ಕಿವಿಗೊಟ್ಟು ಕೂಡುವ ಕೆಲಸ ಅಕ್ಕನದು. ನಾನು ನಡೆಸುತ್ತೇನೆ, ಅವಳು ಎಡಗಡೆ ಸೀಟಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಾಳೆ. ನಾನು ಕಾರು ಕಲಿತ ದಿನದಿಂದ ಇದೇ ವ್ಯವಸ್ಥೆ. ನಾವು ಸಣ್ಣವರಿದ್ದಾಗ ಬ್ರಹ್ಮಪುರದ ಮನೆಯಲ್ಲಿ, ಒಳಗಿನ ಕೋಣೆಯಲ್ಲಿ ಕೂತೇ, ಹೊರಗೆ ಚಪ್ಪಲಿ ಬಿಟ್ಟವರು ಯಾರೆಂದು ಹೇಳುತ್ತಿದ್ದಳು. ಈಗ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ಇದ್ದು ಗಣಿತದ ಟ್ಯೂಷನ್ ಹೇಳುತ್ತಾಳೆ. ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹಿಂದೆ ಪಿಸುಗುಟ್ಟಿದವರ ಹೆಸರು ಕರೆಯುವವಳು ಅವಳು. ಅವಳ ಕಿವಿಯ ಬಗ್ಗೆ ಅವಳಿಗಿಂತ ನನಗೇ ಜಂಬ ಹೆಚ್ಚು.

ಆದ್ದರಿಂದ ಸೇಡಂ ರಸ್ತೆಯ ಗ್ಯಾರೇಜಿನವನು ಮೇಜಿನ ಮೇಲೆ ಎರಡು ಕಂಟ್ರೋಲರ್ ಇಟ್ಟಾಗ ನನಗೆ ಯೋಚನೆ ಮಾಡುವ ಪ್ರಸಂಗವೇ ಬರಲಿಲ್ಲ. ಒಂದು ಬೆರಳುದ್ದದ ಹಿತ್ತಾಳೆ ತುಂಡು. ಗಾಳಿಯ ಕೊಳವೆಯ ನಡುವೆ ಕೂಡಿಸಿ, ಮೇಲಿನ ಸ್ಕ್ರೂ ತಿರುಗಿಸಿದರೆ ಒತ್ತಡ ಏರುತ್ತದೆ, ಎಲ್ಲಿಗೆ ನಿಲ್ಲಿಸಬೇಕೆಂದು ಕಿವಿಯೇ ಹೇಳಬೇಕು. ಇನ್ನೊಂದು ಎಲೆಕ್ಟ್ರಾನಿಕ್. ಅದಕ್ಕೆ ಸೆನ್ಸರ್, ವೈರು, ಪುಟ್ಟ ಪರದೆ, ಒತ್ತಡ ಮಿತಿ ಸಮೀಪಿಸಿದರೆ ಹೊತ್ತುವ ಕೆಂಪು ದೀಪ.

"ಸ್ಕ್ರೂ ವಾಲಾ ಹಾಕಿದ್ರ ನೀವ ಜವಾಬ್ದಾರಿ ನೋಡ್ರಿ ಮೇಡಂ," ಎಂದ ಗ್ಯಾರೇಜಿನವನು. "ಬ್ಯಾಸಗ್ಯಾಗ ಒಂದ ಥರ ಇರತದ, ಥಂಡ್ಯಾಗ ಒಂದ ಥರ. ಇದು ಸ್ಕ್ರೀನ್ ವಾಲಾ ತಾನ ನೋಡಕೊಂಡು ದೀಪ ಹಚ್ಚತದ, ಕಾಲು ತಗದ್ರ ಆತು. ಫಿಕರ್ ಇಲ್ಲ."

"ನಮ್ಮ ಕಡೆ ನೋಡಕೊಳ್ಳವ್ರು ಇದ್ದಾರ," ಎಂದೆ.

ಅವನು ಪರದೆಯದನ್ನು ಮಾರುವ ಉಮೇದಿನಲ್ಲಿದ್ದಾನೆ ಎಂದು ನನಗೆ ಗೊತ್ತಿತ್ತು. ಆದರೆ ನಾನು ಅದನ್ನು ಬೇಡವೆಂದದ್ದಕ್ಕೆ ಬೇರೆಯೇ ಕಾರಣ. ಪರದೆ ಬಂದರೆ ಎಡಗಡೆ ಸೀಟಿನಲ್ಲಿ ಕಿವಿ ಬೇಕಾಗುವುದಿಲ್ಲ. ಅಕ್ಕನಿಗೆ ನಾನೇ ರಿಟೈರ್ಮೆಂಟ್ ಕೊಟ್ಟಂತಾಗುತ್ತದೆ. ಆ ಕೆಲಸ ನನ್ನಿಂದ ಆಗದು. ಕೊನೆಗೆ ಅವನೇ ಸೋತು, ಸ್ಕ್ರೂ ಇರುವುದನ್ನು ಕೂಡಿಸಿ, ಭಾನುವಾರ ಓಡಿಸಿ ನೋಡಿ ಬನ್ನಿ ಎಂದ. ಹೆಚ್ಚಿನ ಗಾಳಿಗೆ ತಕ್ಕಷ್ಟು ಪೆಟ್ರೋಲು ಹೋಗುವ ಹಾಗೆ ಮೊದಲೇ ಸರಿಮಾಡಿ ಇಟ್ಟಿದ್ದ, ಅಷ್ಟರ ಮಟ್ಟಿಗೆ ಕೆಲಸ ಶುದ್ಧ.

ಭಾನುವಾರ ಬೆಳಿಗ್ಗೆ ಹೊರಟೆವು. ನನ್ನ ಗಂಡ ಎಂದಿನಂತೆ ಬರಲಿಲ್ಲ. ಕಾರೆಂದರೆ ಅವರಿಗೆ ಕೂತು ನಿದ್ದೆ ಮಾಡುವ ಜಾಗ, ಈ ಪರೀಕ್ಷೆಗಳಲ್ಲಿ ನಿದ್ದೆ ಸಾಧ್ಯವಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು, ಎಸಿ ಬಂದ್ ಮಾಡಿ, ಗಾಜು ಇಳಿಸಿ ಕೂತಳು. ಏರಿನ ಬುಡದಲ್ಲಿ ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದೆ. ಟರ್ಬೊ ಸಿಳ್ಳೆ ಹಾಕಿ ಎಳೆಯಿತು. ಮೇಲೆ ನಿಲ್ಲಿಸಿ ಅವಳ ಮುಖ ನೋಡಿದೆ.

"ಸಾಫ್ ಅದ," ಎಂದಳು. "ಇನ್ನೊಂಚೂರು ತಿರುಗಸು."

ಬಾನೆಟ್ ಎತ್ತಿ ಸ್ಕ್ರೂ ತಿರುಗಿಸಿ, ಕೆಳಗಿಳಿದು ಮತ್ತೆ ಏರಿಸಿದೆ. ಮತ್ತೆ ಸಾಫ್. ಮತ್ತಷ್ಟು ತಿರುಗಿಸಿದೆ. ಈ ಸಲ ಅರ್ಧ ಏರಿನಲ್ಲೇ ಸಿಳ್ಳೆಯ ಕೆಳಗೆ ಇನ್ನೊಂದು ಸದ್ದು ಕೇಳಿಸಿತು. ತೊಗರಿಬೇಳೆ. ಸಣ್ಣಗೆ, ಆದರೆ ಸ್ಪಷ್ಟವಾಗಿ. ನಾನು ಅಕ್ಕನ ಮಾತಿಗೆ ಕಾದೆ. ಅವಳು ಕಣ್ಣು ಮುಚ್ಚಿ ಕೂತೇ ಇದ್ದಳು, ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಕಾಲು ತೆಗೆದೆ.

ಮೇಲೆ ಹೋಗಿ ನಿಲ್ಲಿಸದೆ, ನೇರ ಕಮಲಾಪುರದ ತನಕ ಹೋಗಿ ಕೆಂಪು ಬಾಳೆಹಣ್ಣಿನ ಗಾಡಿಯ ಮುಂದೆ ನಿಲ್ಲಿಸಿದೆ. ಹಣ್ಣು ಆರಿಸುವ ನೆಪದಲ್ಲಿ ಅವಳ ಮುಖ ತಪ್ಪಿಸಿದೆ. ನನಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಎಂಜಿನ್ ಕಾದಿದೆ, ಇವತ್ತಿಗೆ ಸಾಕು ಎಂದು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು ಬಂದೆ. ಅಕ್ಕ ಒಂದು ಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು.

"ಕಾಲು ಯಾಕ ತಗದಿ?" ಎಂದಳು.

ಜೋಡಿಸಿಟ್ಟುಕೊಂಡ ವಾಕ್ಯ ಬಿಟ್ಟು ಹಣ್ಣು ಕಚ್ಚಿದೆ.

"ನಿನಗ ಕೇಳಿಸ್ತು. ಹೌದಿಲ್ಲೊ?"

ಹೌದೆಂದು ತಲೆಯಾಡಿಸಿದೆ.

"ನನಗ ಕೇಳಸ್ಲಿಲ್ಲ," ಎಂದಳು ಅಕ್ಕ. ಉತ್ತರ ಪತ್ರಿಕೆಯ ಅಂಕ ಓದುವ ದನಿಯಲ್ಲೇ ಹೇಳಿದಳು. "ದೀಪಾವಳಿಯಿಂದ ಹಿಂಗ ಅದ. ಹಿಂದಿನ ಬೆಂಚಿನವ್ರು ನನ್ನ ಕ್ಲಾಸಿನ್ಯಾಗ ಈಗ ಭಾಳ ಆರಾಮ ಅದಾರ. ಡಾಕ್ಟರ್ ಕಡೆ ಹೋಗಿ ಬಂದೀನಿ. ಸಣ್ಣ ದನಿ ಹೋಗ್ಯಾವಂತ, ದಪ್ಪ ದನಿ ಉಳದಾವಂತ."

"ನನಗ್ಯಾಕ ಹೇಳಲಿಲ್ಲ?"

"ಖಾತ್ರಿ ಮಾಡಕೊಂಡು ಹೇಳೋಣಂತ. ಈ ಏರಿನಕಿಂತ ಛಲೋ ಪರೀಕ್ಷೆ ಎಲ್ಲಿ ಸಿಗತದ? ನೀ ಇದ್ದೆಲ್ಲ, ಎಂಜಿನ್ ಉಳಸ್ತಿ ಅಂತ ಧೈರ್ಯ ಇತ್ತು."

ಹಣ್ಣಿನ ಸಿಪ್ಪೆ ಹಿಡಿದು ನಿಂತೆ. ಅವಳ ಮರ್ಯಾದೆ ಉಳಿಸಲು ಸ್ಕ್ರೂ ಆರಿಸಿದ್ದೆ ನಾನು. ಅವಳು ಅದೇ ಸ್ಕ್ರೂ ಇಟ್ಟುಕೊಂಡು ತನ್ನ ಕಿವಿಯನ್ನೇ ತೂಗಿ ನೋಡಿದ್ದಳು. ಇಷ್ಟು ವರ್ಷ ಒಟ್ಟಿಗಿದ್ದೂ ಅಕ್ಕ ನನಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾಳೆ. ಅವತ್ತು ಆ ಮಾತಿಗೆ ಹೊಟ್ಟೆಕಿಚ್ಚಾಗಲಿಲ್ಲ, ದುಃಖವಾಯಿತು. ದುಃಖವಾಯಿತು ಎಂದು ಅವಳಿಗೆ ಹೇಳಿದೆ ಕೂಡ. "ಆಗಲಿ, ಹಣ್ಣು ತಿನ್ನು," ಎಂದಳು. ವಾಪಸು ಬರುವಾಗ ಸ್ಕ್ರೂ ಸಡಿಲಿಸಿ, ಲಾರಿಗಳ ಹಿಂದೆಯೇ ಸಾವಕಾಶ ಬಂದೆವು.

ಮರುದಿನ ಸಂಜೆ ಗ್ಯಾರೇಜಿಗೆ ಅವಳೂ ಬಂದಳು. ಸ್ಕ್ರೂ ಬಿಚ್ಚಿಸಿ, ಪರದೆ ಇರುವ ಡಬ್ಬಿಯನ್ನು ತನ್ನ ಮುಂದೆ ಇಡಿಸಿಕೊಂಡಳು. ಆಮೇಲೆ ಗ್ಯಾರೇಜಿನವನಿಗೆ ಪರೀಕ್ಷೆ ಶುರುವಾಯಿತು. ದೀಪ ಯಾವ ಒತ್ತಡಕ್ಕೆ ಹೊತ್ತುತ್ತದೆ? ಬೇಳೆ ಸದ್ದು ಶುರುವಾಗುವ ಮೊದಲೋ, ಆಮೇಲೋ? ಏಪ್ರಿಲ್ ಬಿಸಿಲು ಗಾಜಿನ ಮೇಲೆ ಬಿದ್ದಾಗ ಆ ಕೆಂಪು ಕಾಣುತ್ತದೆಯೋ ಇಲ್ಲವೋ? ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಕೊನೆಯದಕ್ಕೆ ಮಾತ್ರ ಡಬ್ಬಿಯನ್ನು ಹೊರಗೆ ಬಿಸಿಲಿಗೆ ಒಯ್ದು ತೋರಿಸಬೇಕಾಯಿತು. ಕಂಡಿತು.

"ಸದ್ದಿನಕಿಂತ ಮೊದಲ ಬರೋ ಹಂಗ ಮಿತಿ ಇಡತೀನಿ ರೀ," ಎಂದ. "ಸ್ಕ್ರೀನ್ ಸ್ಟೇರಿಂಗ್ ಮುಂದ ಕೂಡಸಲ್ಯಾ?"

"ಬ್ಯಾಡ," ಎಂದಳು ಅಕ್ಕ. "ಎಡಕ್ಕ ಕೂಡಸ್ರಿ. ನನ್ನ ಮುಂದ."

"ಡ್ರೈವರ್‌ಗೆ ಕಾಣಬೇಕಲ್ರಿ ಅಮ್ಮಾ."

"ಡ್ರೈವರ್ ರಸ್ತೆ ನೋಡ್ಲಿ. ಏರಿನ್ಯಾಗ ಲಾರಿ ದಾಟೂ ಮುಂದ ದೀಪ ನೋಡಕೋತ ಕೂತ್ರ ಇಬ್ರೂ ಹೋಗ್ತೀವಿ."

ಅವನು ನನ್ನ ಮುಖ ನೋಡಿದ. ನಾನು ಎಡಕ್ಕೇ ಎಂದೆ. ನನಗೆ ಬೇಕಾಗಿದ್ದಂತೆ ಅಕ್ಕನ ಕೆಲಸ ಉಳಿದಿತ್ತು, ಅದನ್ನು ಅವಳೇ ತೆಗೆದುಕೊಂಡಿದ್ದಳು. ಅವಳಿಲ್ಲದ ದಿನ ನೀವೊಬ್ಬರೇ ಹೋದಾಗ ಹೇಗೆ ಎಂದು ಅವನು ಕೇಳಿದ್ದಕ್ಕೆ, ಅಂಥ ದಿನ ಹಳೆಯ ಮಿತಿಗೆ ಇಳಿಸುವ ಬಟನ್ ಇದೆಯಲ್ಲ ಎಂದು ಅವನದೇ ಡಬ್ಬಿ ತೋರಿಸಿದೆ. ಈಗಲೂ ವಾರವಿಡೀ ಆ ಬಟನ್ ಒತ್ತಿಯೇ ಕಾಲೇಜಿಗೆ ಹೋಗುತ್ತೇನೆ. ಲಾರಿಗಳು ಸ್ವಲ್ಪ ಹೊತ್ತು ಮುಂದಿದ್ದರೂ ಮೊದಲ ಪಿರಿಯಡ್ ತಪ್ಪಿಲ್ಲ.

ಮುಂದಿನ ಭಾನುವಾರ ಮತ್ತೆ ಅದೇ ಏರು. ಬೆಳಗಿನ ಗಾಳಿ ತಂಪಾಗಿತ್ತು, ಕಾರು ಉತ್ಸಾಹದಲ್ಲಿತ್ತು. ಅಕ್ಕ ಈ ಸಲ ಕಣ್ಣು ಮುಚ್ಚಲಿಲ್ಲ. ಚಷ್ಮಾ ಒರೆಸಿಕೊಂಡು ಪರದೆಯ ಮೇಲೆ ಕಣ್ಣಿಟ್ಟು ಕೂತು, ಅಂಕಿಗಳನ್ನು ಜೋರಾಗಿ ಓದತೊಡಗಿದಳು. ಎಷ್ಟು ಜೋರೆಂದರೆ ಟರ್ಬೊ ಸಿಳ್ಳೆಯೇ ಕೇಳಿಸಲಿಲ್ಲ. ಮುಂದೆ ಲಾರಿ ಇತ್ತು, ಎದುರಿನ ರಸ್ತೆ ಬಹಳ ದೂರದ ತನಕ ಖಾಲಿ. ಬಲಕ್ಕೆ ತೆಗೆದುಕೊಂಡು ಕಾಲು ಒತ್ತಿದೆ, ಲಾರಿ ಹಿಂದೆ ಉಳಿಯಿತು. ನಾನು ಇನ್ನೂ ಒತ್ತುತ್ತಲೇ ಇದ್ದೆ. ಕೆಂಪು ದೀಪ ಹೊತ್ತಿದ್ದೇ ಅಕ್ಕ ಓದುವುದನ್ನು ನಿಲ್ಲಿಸಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಕಾಲು ತಗಿ," ಎಂದಳು.

ತೆಗೆದೆ. ನನ್ನ ಕಿವಿಗೆ ಇನ್ನೂ ಏನೂ ಕೇಳಿಸಿರಲಿಲ್ಲ.