ಅಜ್ಜಿಯ ತಟ್ಟು, ಅಂಟಕ್ಕನ ಪಟ್ಟು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರನೇ ಮಹಡಿಯ ಕೋಣೆಯಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ತೊಡೆಯೇರಿ ಕುಳಿತಿದ್ದಾಳೆ. ಹಿಂದೆ ನಿಂತ ಹೆಂಗಸು ಟೇಪು ಹಿಡಿದು ಅವಳ ತಲೆ ಅಳೆಯುತ್ತಾರೆ, ಕೆಂಪು ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡುತ್ತಾರೆ, ಕೂದಲು ಬಿಡಿಸಿ ಚೂರು ಅಂಟು ಹಚ್ಚಿ ತಂತಿಯ ತುದಿಯ ಬಿಲ್ಲೆಯನ್ನು ಒತ್ತುತ್ತಾರೆ. ಒಂದಾಯಿತು. ಇನ್ನೂ ಇಪ್ಪತ್ತು ಬಾಕಿ.

"ಜಡೆ ಹಾಕ್ತಿದ್ದೀನಿ ಕಣೆ, ಇಪ್ಪತ್ತೊಂದು ಎಳೆದು. ನಿಮ್ಮಮ್ಮಂಗೆ ಬರುತ್ತಾ ಇದು?"

ಹುಡುಗಿ ಮಾತಾಡುವುದಿಲ್ಲ. ಒಂದು ಕಾಲಕ್ಕೆ ಅರವತ್ತು ಪದ ಆಡುತ್ತಿದ್ದ ಬಾಯಲ್ಲಿ ಈಗ ಉಳಿದಿರುವುದು ನಾಲ್ಕು. ದಿನಕ್ಕೆ ನಲವತ್ತು ಸಲ ಬರುವ ಫಿಟ್ಸ್ ಮಿಕ್ಕ ಪದಗಳನ್ನೆಲ್ಲ ಗುಡಿಸಿಕೊಂಡು ಹೋಗಿದೆ.

ಅಂಟು ಹಚ್ಚುವವರು ಇಇಜಿ ತಂತ್ರಜ್ಞೆ. ಮೆದುಳಿನ ವಿದ್ಯುತ್ತನ್ನು ಪರದೆಯ ಮೇಲೆ ಗೆರೆಗಳಾಗಿ ಹಿಡಿಯುವುದು ಕೆಲಸ. ವಾರ್ಡಿಗೆಲ್ಲ ಇವರು ಅಂಟಕ್ಕ. ಹತ್ತೊಂಬತ್ತು ವರ್ಷದಲ್ಲಿ ಹೆಸರೂ ಅಂಟಿಕೊಂಡಿದೆ. ತಾಯಿ ದರ್ಜಿ. "ನಂಗೆ ಅಕ್ಷರಕ್ಕಿಂತ ಮುಂಚೆ ಟೇಪು ಗೊತ್ತಿತ್ತು. ಅಮ್ಮ ಎದೆಯಳತೆ ತಗೊಂಡ್ರು, ನಾನು ತಲೆಯಳತೆ" ಎನ್ನುತ್ತಾರೆ. ದಿನಕ್ಕೆ ಐದು ತಲೆ, ತಲೆಗೆ ಮುಕ್ಕಾಲು ಗಂಟೆ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ, ಮುಂಗೈ ತುಂಬ ಮಕ್ಕಳ ಉಗುರಿನ ಗೀರು.

ಸ್ಟ್ರೋಕ್ ಎಂದರೆ ತಾತಂದಿರ ಕಾಯಿಲೆ ಎಂದುಕೊಂಡವರು ಈ ವಾರ್ಡಿಗೆ ಬರಬೇಕು. ಈ ಹುಡುಗಿಗೆ ಅದು ಹುಟ್ಟುವ ಮುಂಚೆಯೇ ಬಡಿದಿದೆ. ಮೆದುಳಿನ ಎಡ ಅರ್ಧ ಹಾಳಾಗಿ, ಅಲ್ಲಿಂದ ಏಳುವ ಫಿಟ್ಸ್ ಸರಿಯಿರುವ ಬಲ ಅರ್ಧಕ್ಕೂ ನೆಮ್ಮದಿ ಕೊಡುತ್ತಿಲ್ಲ. ಔಷಧ ಸೋತಿದೆ. ಎರಡು ಅರ್ಧಗಳ ನಡುವಿನ ಸಂಪರ್ಕ ಕತ್ತರಿಸುವ ಶಸ್ತ್ರಚಿಕಿತ್ಸೆಯೊಂದೇ ದಾರಿ. ಆದರೆ ಬಲದಲ್ಲೂ ಫಿಟ್ಸ್ ಹುಟ್ಟುತ್ತಿದ್ದರೆ ಕತ್ತರಿಸಿ ಪ್ರಯೋಜನವಿಲ್ಲ. ಮೊನ್ನೆಯ ದಾಖಲೆಯಲ್ಲಿ ಬಲಗಡೆಯೂ ಅಲೆಗಳೆದ್ದಿವೆ. ಇವತ್ತು ಹತ್ತು ಗಂಟೆಯ ಸಭೆಯಲ್ಲಿ ವೈದ್ಯರು 'ಬೇಡ' ಎನ್ನುವುದು ಬಹುತೇಕ ಖಚಿತ.

ಅಂಟಕ್ಕ ಒಪ್ಪಿಲ್ಲ. ಗೆರೆಗಳ ಜೊತೆಗೇ ದಾಖಲಾದ ಮೊನ್ನೆಯ ವಿಡಿಯೊವನ್ನು ಹನ್ನೊಂದು ಸಲ ನೋಡಿದ್ದಾರೆ. ಕ್ಯಾಮೆರಾಗೆ ಅಡ್ಡವಾಗಿ ಅಜ್ಜಿಯ ಬೆನ್ನು, ಮಗು ಕಾಣುವುದಿಲ್ಲ. ಆದರೆ ಅಲೆ ಎದ್ದಾಗಲೆಲ್ಲ ಅಜ್ಜಿಯ ಮೊಣಕೈ ಅಲ್ಲಾಡುತ್ತದೆ.

"ಅಜ್ಜಿ, ಮೊನ್ನೆ ಮಲಗಿಸುವಾಗ ತಲೆ ತಟ್ಟಿದ್ರಾ?"

ಅಜ್ಜಿಯ ಮುಖ ಬಿಳುಚುತ್ತದೆ. "ಮುಟ್ಟಬೇಡಿ ಅಂದಿದ್ರಿ ತಾಯಿ. ಕಣ್ಣು ಹತ್ತಲಿಲ್ಲವಲ್ಲ ಅಂತ, ಬಲಗಿವಿ ಮೇಲೆ ಮೆಲ್ಲಗೆ..."

"ಈಗ ನಾನೇ ಹೇಳ್ತೀನಿ, ತಟ್ಟಿ. ಅವತ್ತಿನ ಹಾಗೇ."

ಇಪ್ಪತ್ತೊಂದೂ ಬಿಲ್ಲೆ ಕೂತಿವೆ, ಕ್ಯಾಮೆರಾ ಈ ಸಲ ಅಜ್ಜಿಯ ಕೈಯನ್ನೇ ನೋಡುತ್ತಿದೆ. ತಟ್ಟಿದರೆ ಬಿಲ್ಲೆ ಅಲುಗಿ ಬಲಗಡೆ ಅಲೆ. ನಿಲ್ಲಿಸಿದರೆ ಗೆರೆ ತೆಪ್ಪಗೆ. ಮತ್ತೆ ತಟ್ಟಿದರೆ ಮತ್ತೆ ಅಲೆ. ಹುಡುಗಿ ನಿದ್ದೆ ಹೋದ ಮೇಲೆ ಅಜ್ಜಿಯ ಕೈ ಮಡಿಲಲ್ಲಿರುವಾಗಲೇ ನಾಲ್ಕು ಫಿಟ್ಸ್ ಬರುತ್ತವೆ. ನಾಲ್ಕೂ ಎಡದಿಂದ.

ಸಭೆಯಲ್ಲಿ ಹಿರಿಯ ವೈದ್ಯರು ಕನ್ನಡಕ ಏರಿಸುತ್ತಾರೆ. "ಮೊನ್ನೆಯದೂ ತಟ್ಟಿದ್ದೇ ಅಂತ ಹೇಗೆ ಹೇಳ್ತೀರಮ್ಮ?"

ಅಂಟಕ್ಕ ಮೊನ್ನೆಯ ದಾಖಲೆ ಓಡಿಸಿ, ಮೇಜು ತಟ್ಟುತ್ತ ಥೇಟ್ ಅಜ್ಜಿಯಾಗುತ್ತಾರೆ. ತಲೆ ವಾಲಿಸಿ, ಅರೆಗಣ್ಣು ಮಾಡಿ: ತಟ್, ತಟ್, ತಟ್, ಬಿಡುವು. ತಟ್, ತಟ್, ತಟ್. ನಡುವೆ, ವಿಡಿಯೊದಲ್ಲಿ ಕೇಳಿದಂತೆಯೇ, ಒಂದು ಉದ್ದ ಆಕಳಿಕೆ. ಪರದೆಯ ಅಲೆಗಳು ಬೆರಳಿಗೆ ತಾಳ ತಪ್ಪದೆ ಏಳುತ್ತವೆ, ಆಕಳಿಕೆಗೆ ಸರಿಯಾಗಿ ನಿಲ್ಲುತ್ತವೆ. ಕಿರಿಯ ವೈದ್ಯೆ ನಗು ತಡೆಯಲಾರದೆ ಕಾಗದದ ಹಿಂದೆ ಮುಖ ಮರೆಸುತ್ತಾಳೆ.

"ಫಿಟ್ಸ್ ಆದ್ರೆ ಏರುತ್ತೆ, ಹರಡುತ್ತೆ, ಸುಸ್ತಾಗಿ ನಿಲ್ಲುತ್ತೆ ಸರ್. ಆಕಳಿಸೋಕೆ ಬಿಡುವು ತಗೊಳಲ್ಲ."

"ಅವರು ಕ್ಯಾಮೆರಾಗೆ ಅಡ್ಡ ಕೂತಿದ್ದು ಹೇಗೆ?"

"ಮಂಡಿನೋವು ಅಂದ್ರು. ಕಾಲು ಚಾಚಲಿ ಅಂತ ಕುರ್ಚಿ ತಿರುಗಿಸಿ ಹಾಕಿದ್ದು ನಾನು. ತಪ್ಪು ನಂದೇ, ಬರ್ಕೊಳ್ಳಿ. ಅದಕ್ಕೆ ಮಗು ಆಪರೇಷನ್ ತಪ್ಪೋದು ಬೇಡ."

ಹಿರಿಯ ವೈದ್ಯರು ಅಂದಿನ ಬೆಳಗಿನ ಗೆರೆಗಳನ್ನು ಮತ್ತೊಮ್ಮೆ ಮೊದಲಿನಿಂದ ನೋಡುತ್ತಾರೆ. ಆಮೇಲೆ ಶಸ್ತ್ರಚಿಕಿತ್ಸಕರ ಕಡೆ ತಿರುಗಿ ದಿನ ಕೇಳುತ್ತಾರೆ.

ಒಂಬತ್ತು ಗಂಟೆ ಕಾಲ ನಡೆದ ಶಸ್ತ್ರಚಿಕಿತ್ಸೆ ಮುಗಿದು ಈಗ ಮೂರು ತಿಂಗಳು. ಒಂದೂ ಫಿಟ್ಸ್ ಬಂದಿಲ್ಲ. ಬಲಗೈ ಇನ್ನೂ ಮುಷ್ಟಿ ಬಿಡಿಸುತ್ತಿಲ್ಲ, ನಡಿಗೆಯಲ್ಲಿ ಕಾಲು ಎಳೆಯುತ್ತದೆ. ಶಸ್ತ್ರಚಿಕಿತ್ಸಕರ ಫೋಟೊ ಆಸ್ಪತ್ರೆಯ ಗೋಡೆಯಲ್ಲಿದೆ, ಅಂಟಕ್ಕನದು ಗುರುತಿನ ಚೀಟಿಯಲ್ಲಿ ಮಾತ್ರ. "ಅಷ್ಟು ಸಾಕು, ಗೇಟಲ್ಲಿ ಬಿಡ್ತಾರೆ."

ಇವತ್ತು ಮರುಪರೀಕ್ಷೆ. ಹುಡುಗಿ ಬಾಗಿಲಲ್ಲೇ ನಿಂತು ಅಂಟಿನ ಡಬ್ಬಿಯನ್ನು ದುರುಗುಟ್ಟಿ ನೋಡುತ್ತಾಳೆ.

"ಬೇಡ. ನೀನು ಕೆಟ್ಟ ಅಕ್ಕ. ನಾನು ಮನೆಗೆ ಹೋಗ್ತೀನಿ."

"ಛೆ, ಹಾಗನ್ನಬಾರದು ಪುಟ್ಟಿ" ಎಂದು ಅಜ್ಜಿ ಗದರುತ್ತಾರೆ.

ಅಂಟಕ್ಕ ಟೇಪು ಕೆಳಗಿಟ್ಟು ಹುಡುಗಿಯ ಎದುರು ಮಂಡಿಯೂರುತ್ತಾರೆ.

"ಬೈಯ್ಲಿ ಬಿಡಿ ಅಜ್ಜಿ, ಏಳು ಪದ ಆಯ್ತು. ಇನ್ನೊಂದು ಸಲ ಬೈಯಮ್ಮ, ಪೂರ್ತಿ ಬೈಯಿ."